ಹಡಗಿನ ಬಿರುಕು, ಅಜ್ಜನ ಹೃದಯ

ನಮ್ಮೂರು ಕಕ್ಕಿಂಜೆ. ಉಜಿರೆ ದಾಟಿ, ಚಾರ್ಮಾಡಿ ಘಾಟಿ ಹತ್ತುವ ಮೊದಲು ಸಿಗುತ್ತದೆ. ಅಲ್ಲಿರುವ ನನ್ನ ಅಜ್ಜನಿಗೆ ಹದಿನೈದು ವರ್ಷದಿಂದ ಬಿಪಿ ಉಂಟು. ಮಾತ್ರೆಯೂ ಉಂಟು, ಆದರೆ ನೆನಪಾದ ದಿನ ಮಾತ್ರ. "ನಂಗೆಂತ ಆಗಿದೆ ಮಾರಾಯ? ಈಗಲೂ ದಿನಾ ತೋಟಕ್ಕೆ ಇಳಿದು ಹತ್ತುವುದಿಲ್ವಾ?" ಅನ್ನುವುದು ಅವರ ಖಾಯಂ ಉತ್ತರ. ಎರಡು ವರ್ಷದ ಹಿಂದೆ ಒತ್ತಾಯ ಮಾಡಿ ಮಂಗಳೂರಿಗೆ ಕರೆದುಕೊಂಡು ಹೋಗಿ ಎಕೋ ಮಾಡಿಸಿದೆ. ಹೃದಯದ ಎಡ ಕೆಳಕೋಣೆಯ ಗೋಡೆ 13 ಮಿಲಿಮೀಟರ್ ದಪ್ಪ ಎಂದು ರಿಪೋರ್ಟ್ ಬಂತು. ಸಾಮಾನ್ಯವಾಗಿ ಅದು 10 ಮಿಲಿಮೀಟರ್ ದಾಟಬಾರದು.

ಎದೆ ಕೊಯ್ಯದೆ ಈ 13ನ್ನು ಅಳೆದದ್ದು ಹೇಗೆ? ಹುಡುಕುತ್ತಾ ಹೋದರೆ ಕಥೆ ಮುಟ್ಟುವುದು ಹಡಗು ಕಟ್ಟುವ ಜಾಗಕ್ಕೆ!

1953, ಸ್ವೀಡನ್ನಿನ ಲುಂಡ್. ಇಂಗೆ ಎಡ್ಲರ್ ಅಲ್ಲಿ ಹೃದಯದ ಡಾಕ್ಟರು. ಯಾರ ಕವಾಟ ಕಿರಿದಾಗಿದೆ, ಯಾರದ್ದು ಸೋರುತ್ತಿದೆ ಎಂದು ಆಪರೇಷನ್ನಿಗೆ ಮೊದಲೇ ತಿಳಿಯುವ ದಾರಿ ಅವರಿಗೆ ಬೇಕಿತ್ತು. ಜೊತೆಗೆ ಸಿಕ್ಕವರು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್. ಮಾಲ್ಮೋದ ಕೊಕುಮ್ಸ್ ಶಿಪ್‌ಯಾರ್ಡಿನಲ್ಲಿ ಲೋಹದೊಳಗಿನ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರ ಇತ್ತು. ಹರ್ಟ್ಸ್ ಅದನ್ನು ತಮ್ಮ ಎದೆಗೇ ಹಿಡಿದು ನೋಡಿದರು. ಬಡಿತಕ್ಕೆ ಸರಿಯಾಗಿ ಹಿಂದೆ ಮುಂದೆ ಸರಿಯುವ ಪ್ರತಿಧ್ವನಿ ಕಂಡಿತು. ಆಮೇಲೆ ಸೀಮನ್ಸ್ ಕಂಪನಿಯಿಂದ ಅಂಥದ್ದೇ ಯಂತ್ರ ಎರವಲು ತಂದು, ಅಕ್ಟೋಬರ್ 29ರಂದು ಇಬ್ಬರೂ ಹೃದಯದ ಚಲನೆಯನ್ನು ಮೊದಲ ಸಲ ದಾಖಲಿಸಿದರು.

ಅದೇ 1953ರಲ್ಲಿ ನಮ್ಮ ಕಡೆ ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಜಿಲ್ಲೆ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು, ಅಜ್ಜ ಇನ್ನೂ ಶಾಲೆಯ ಹುಡುಗ. ವಯಸ್ಸಾದ ಮೇಲೆ ಬಿಪಿ ಏರುವುದು ಸಹಜ, ಅದು ದೇಹಕ್ಕೆ ಬೇಕಾದದ್ದೇ ಎಂದು ಎಷ್ಟೋ ಡಾಕ್ಟರುಗಳೇ ನಂಬಿದ್ದ ಕಾಲ ಅದು. ಅಜ್ಜನ ವಾದ ಹೊಸದೇನಲ್ಲ ನೋಡಿ.

ಆ ನಂಬಿಕೆಯನ್ನು ಅಲುಗಿಸಿದ್ದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರು. 1948ರಿಂದ ಅಲ್ಲಿನ 5,209 ಜನರನ್ನು ವರ್ಷಗಟ್ಟಲೆ ಗಮನಿಸಿದಾಗ ಬಿಪಿ, ಹೃದಯಾಘಾತ, ಪಾರ್ಶ್ವವಾಯುಗಳ ನಂಟು ಬಯಲಾಯಿತು. ಮುಂದೆ ಎಕೋ ಕೂಡ ಈ ಅಧ್ಯಯನಕ್ಕೆ ಸೇರಿತು. ಹೃದ್ರೋಗವಿಲ್ಲದ, 40 ದಾಟಿದ 3,220 ಜನರ ಎಡ ಕೆಳಕೋಣೆಯ ತೂಕವನ್ನು ಎಕೋದಿಂದ ಲೆಕ್ಕ ಹಾಕಿದ ವರದಿ 1990ರಲ್ಲಿ ಬಂತು. ತೂಕ ಹೆಚ್ಚಿದ್ದವರಿಗೆ ಮುಂದೆ ಅಪಾಯವೂ ಹೆಚ್ಚು. ಬಿಪಿ, ವಯಸ್ಸು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ!

ಯಾಕೆ? ತೋಟದ ಪೈಪಿನಲ್ಲಿ ಒತ್ತಡ ಹೆಚ್ಚಾದರೆ ಪಂಪಿಗೆ ಹೊರೆ. ಹೃದಯಕ್ಕೂ ಹಾಗೆಯೇ. ದೂಡಿ ದೂಡಿ ಸ್ನಾಯು ದಪ್ಪವಾಗುತ್ತದೆ, ಬಿಗಿಯಾಗುತ್ತದೆ, ರಕ್ತ ತುಂಬಿಕೊಳ್ಳುವಾಗ ಸರಿಯಾಗಿ ಸಡಿಲವಾಗುವುದಿಲ್ಲ. ಆಗ ಎಡ ಮೇಲ್ಕೋಣೆ ಹಿಗ್ಗುತ್ತದೆ. ಅಲ್ಲಿ ಬಡಿತದ ಲಯ ತಪ್ಪಿ ರಕ್ತ ಹೆಪ್ಪುಗಟ್ಟಿದರೆ, ಆ ಗಡ್ಡೆ ಮಿದುಳಿಗೂ ಹೋಗಬಹುದು. ಡಾಕ್ಟರ ಪಟ್ಟಿಯಲ್ಲಿ ಕಾಣುವ ಬಿಪಿ ಆ ಒಂದು ನಿಮಿಷದ್ದು. ಗೋಡೆಯ ದಪ್ಪ ಹದಿನೈದು ವರ್ಷದ ಲಾಗ್ ಫೈಲ್. ಅಜ್ಜ ಬಿಟ್ಟ ಒಂದೊಂದು ಮಾತ್ರೆಯೂ ಅಲ್ಲಿ ದಾಖಲಾಗಿರುತ್ತದೆ.

ಹಾಗಂತ ಎಕೋ ಜಾತಕ ಅಲ್ಲ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕಿಡ್ನಿ ಎಲ್ಲವನ್ನೂ ಸೇರಿಸಿಯೇ ಅಪಾಯ ಅಂದಾಜು ಮಾಡಬೇಕು. ಬಿಪಿ ಇದ್ದವರೆಲ್ಲ ನಾಳೆಯೇ ಓಡಬೇಕೆಂದೂ ಇಲ್ಲ. ಇಸಿಜಿ, ಬಿಪಿ ನೋಡಿ ಡಾಕ್ಟರೇ ಹೇಳುತ್ತಾರೆ.

ನನಗೆ ಧೈರ್ಯ ಕೊಟ್ಟದ್ದು 'ಲೈಫ್' ಎಂಬ ಅಧ್ಯಯನ. ಅದರಲ್ಲಿದ್ದವರು 55ರಿಂದ 80 ವಯಸ್ಸಿನ, ಬಿಪಿ ಇದ್ದು ಇಸಿಜಿಯಲ್ಲಿ ಹೃದಯ ದಪ್ಪವಾದ ಸೂಚನೆ ಇದ್ದವರು. ಅವರಲ್ಲಿ 900ಕ್ಕೂ ಹೆಚ್ಚು ಜನರಿಗೆ ವರ್ಷ ವರ್ಷ ಎಕೋ ಮಾಡಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಔಷಧಿ ತೆಗೆದುಕೊಳ್ಳುತ್ತಾ ಹೃದಯದ ತೂಕ ಇಳಿದವರಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವು ಕಡಿಮೆಯಾಗಿದ್ದವು. ಅಂದರೆ ಅಜ್ಜನ ವಯಸ್ಸಿನಲ್ಲೂ ತಡವಾಗಿಲ್ಲ.

ಕಳೆದ ಸಲ ಊರಿಗೆ ಹೋದಾಗ ಮಾತ್ರೆಯ ಪಟ್ಟಿ ಎಣಿಸಿದೆ. ಎರಡು ಹೆಚ್ಚು ಉಳಿದಿತ್ತು. "ಮದುವೆಗೆ ಹೋಗಿದ್ದೆ ಮಾರಾಯ," ಅಂದ್ರು. ಹದಿನೈದು ವರ್ಷದಲ್ಲಿ ಇದೇ ಒಳ್ಳೆಯ ಲೆಕ್ಕ. ನೀವೂ ಈ ಸಲ ಊರಿಗೆ ಹೋದಾಗ ಒಮ್ಮೆ ಎಣಿಸಿ ನೋಡಿ.