ನಮ್ಮ ಧ್ವಜದ ಬಣ್ಣಗಳು, ಹುಬ್ಬಳ್ಳಿಯ ಒಬ್ಬ ವೈದ್ಯರು

ಪ್ರತಿ ವರ್ಷ ಸ್ವಾತಂತ್ರ್ಯ ದಿನದಂದು ಅಮೆರಿಕದಲ್ಲಿರುವ ನಾವು ಧ್ವಜ ಹಾರಿಸಿ, ಸಿಹಿ ಹಂಚಿ ಮನೆಗೆ ಮರಳುತ್ತೇವೆ. ದಾರಿಯಲ್ಲಿ ಮಕ್ಕಳು, "ಕೇಸರಿ ಹಿಂದೂಗಳದ್ದು, ಹಸಿರು ಮುಸ್ಲಿಮರದ್ದು ಅಲ್ಲವೇ?" ಎಂದು ಕೇಳಿದರೆ ನಮ್ಮಲ್ಲಿ ಹಲವರು "ಹೌದು" ಎಂದುಬಿಡುವುದುಂಟು. ಆದರೆ ಆ ಉತ್ತರವನ್ನು ನಮ್ಮ ಹಿರಿಯರು 1931ರಲ್ಲೇ ಕೈಬಿಟ್ಟಿದ್ದರು.

1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ತೋರಿಸಿದ ಧ್ವಜದಲ್ಲಿ ಎರಡೇ ಬಣ್ಣಗಳಿದ್ದವು: ಹಿಂದೂಗಳಿಗೆ ಕೆಂಪು, ಮುಸ್ಲಿಮರಿಗೆ ಹಸಿರು. ಉಳಿದವರಿಗಾಗಿ ಗಾಂಧೀಜಿ ಬಿಳಿ ಸೇರಿಸಿದರು, ಚರಕವೂ ಬಂತು. ಹೀಗೆ ಬಣ್ಣ ಹಂಚಿದ ಮೇಲೆ ತಕರಾರು ತಪ್ಪೀತೆ? ಸಿಖ್ಖರು ತಮ್ಮ ಬಣ್ಣವೂ ಇರಬೇಕೆಂದರು.

ಇದನ್ನು ಬಗೆಹರಿಸಲು 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿ ರಚಿಸಿತು. ಪಟೇಲ್, ನೆಹರೂ, ಆಜಾದ್ ಅವರ ಜೊತೆಗೆ ಅದರಲ್ಲಿದ್ದ ಇನ್ನೊಬ್ಬರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್. ಅವರು ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಈ ದೇಶದಲ್ಲೇ ಲಾಲಾ ಲಜಪತರಾಯರೊಡನೆ ದುಡಿದು, ಊರಿಗೆ ಮರಳಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ವೈದ್ಯರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಅವರ ಹುಬ್ಬಳ್ಳಿಯ ಸ್ವಯಂಸೇವಕರು ಜೈಲು ಸೇರಿದರೇ ಹೊರತು ಕ್ಷಮೆ ಬರೆದುಕೊಡಲಿಲ್ಲ.

ಧ್ವಜವೆಲ್ಲ ಕೇಸರಿಯೊಂದೇ ಇರಲಿ ಎಂದು ಸಮಿತಿ ಶಿಫಾರಸು ಮಾಡಿತು. ಕಾಂಗ್ರೆಸ್ ಒಪ್ಪಲಿಲ್ಲ. ಮೂರು ಬಣ್ಣಗಳೇ ಉಳಿದವು. ಕೆಂಪಿನ ಜಾಗಕ್ಕೆ ಕೇಸರಿ ಬಂತು. ಬಣ್ಣಗಳಿಗೆ ಯಾವ ಮತದ ನಂಟೂ ಇಲ್ಲವೆಂದು ನಿರ್ಣಯವಾಯಿತು. ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಸತ್ಯ ಮತ್ತು ಶಾಂತಿ, ಹಸಿರು ಶ್ರದ್ಧೆ ಮತ್ತು ಶೌರ್ಯ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಹಳ್ಳಿಯ ಜನ ಗುಂಡಿಗೆ ಎದೆಯೊಡ್ಡಿದ್ದು ಈ ತ್ರಿವರ್ಣಕ್ಕಾಗಿಯೇ.

1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಬದಲು ಸಾರನಾಥದ ಅಶೋಕ ಚಕ್ರವನ್ನು ಒಪ್ಪಿತು. ಧ್ವಜದ ಎರಡೂ ಬದಿಗೆ ಚಿತ್ರ ಒಂದೇ ಆಗಿ ಕಾಣಬೇಕು. ಚರಕವಾದರೆ ಹಿಂಬದಿಯಲ್ಲಿ ತಿರುಗುಮುರುಗಾಗುತ್ತದೆ ಎಂಬುದು ನೆಹರೂ ಕೊಟ್ಟ ಒಂದು ಕಾರಣ. ರಾಧಾಕೃಷ್ಣನ್ ಅವರು ಆ 24 ಅರೆಗಳ ಚಕ್ರದಲ್ಲಿ ಧರ್ಮವನ್ನೂ ನಿಲ್ಲದ ಚಲನೆಯನ್ನೂ ಕಂಡರು.

ಹರ್ಡೀಕರರ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ಖಾದಿ ಧ್ವಜಗಳು ಸಿದ್ಧವಾಗುತ್ತಿವೆ. ಮುಂದಿನ ಸಲ ಮಕ್ಕಳು ಅದೇ ಪ್ರಶ್ನೆ ಕೇಳಿದರೆ, "ಅಲ್ಲ ಮಗು, ಮೂರೂ ಬಣ್ಣ ಎಲ್ಲರವು" ಎಂದು ಹೇಳೋಣ. ಹಾಗೆಂದು ತೀರ್ಮಾನಿಸಲು ನಮ್ಮ ಹಿರಿಯರಿಗೆ ಹತ್ತು ವರ್ಷ ಬೇಕಾಯಿತು. ಅದನ್ನು ಮರೆಯಲು ನಮಗೆ ಒಂದು ತಲೆಮಾರು ಸಾಕು.