ಬೆಳಕಿಗೆ ಕಾಯುವ ಕಣ, ಅದನ್ನು ಹೊರುವ ಚೀಲ

ಬಾದಾಮಿಯ ಕೆಂಪು ಬಂಡೆ ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಬಹಳ ಹೊತ್ತಿನವರೆಗೂ ಕಾವು ಉಗುಳುತ್ತದೆ. ಚಿನ್ನದ ನ್ಯಾನೊ ಕಣದ ರೀತಿಯೇ ಬೇರೆ. ತಕ್ಕ ಬಣ್ಣದ ಬೆಳಕು ಬಿದ್ದರೆ ಅದರ ಎಲೆಕ್ಟ್ರಾನುಗಳು ಒಟ್ಟಾಗಿ ಓಲಾಡುತ್ತವೆ. ಹೀರಿದ ಬೆಳಕು ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಶಾಖವಾಗಿ ಸುತ್ತಲೂ ಹರಡುತ್ತದೆ. ಆ ಶಾಖವನ್ನು ಬೇಕಾದ ಜಾಗದಲ್ಲಷ್ಟೇ ಎಬ್ಬಿಸುವುದು ಹೇಗೆ? ಬೆಳಕಿನ ಶಾಖವನ್ನು ಚಿಕಿತ್ಸೆಗೆ ಬಳಸುವ ಕ್ಷೇತ್ರದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದೇ.

ಚಿನ್ನದ ಕಣಗಳು ನೀರಿಗೆ ಮಾಣಿಕ್ಯದ ಕೆಂಪು ಕೊಡುವುದನ್ನು ಫ್ಯಾರಡೆ 1857ರಲ್ಲೇ ವಿವರಿಸಿದ್ದರು. 1908ರಲ್ಲಿ ಗುಸ್ತಾವ್ ಮೀ ಅದಕ್ಕೆ ಗಣಿತ ಒದಗಿಸಿದರು. ವೈದ್ಯಕೀಯದ ತಿರುವು ಬಂದದ್ದು 2003ರಲ್ಲಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಸ್ ಮತ್ತು ಜೆನಿಫರ್ ವೆಸ್ಟ್ ತಂಡ ಸಿಲಿಕಾ ಗುಂಡುಗಳಿಗೆ ಚಿನ್ನದ ತೆಳು ಲೇಪ ಕೊಟ್ಟು, ಅವಗೆಂಪು ಬೆಳಕಿನಿಂದ ಇಲಿಗಳ ಗಡ್ಡೆಯನ್ನು ಬಿಸಿ ಮಾಡಿ ಕೊಂದಿತು.

ಅಷ್ಟರಲ್ಲಿ ಕಣವನ್ನೂ ಔಷಧವನ್ನೂ ಹೊರಬಲ್ಲ ಚೀಲವೂ ಸಿದ್ಧವಾಗಿತ್ತು. 1998ರಲ್ಲಿ ಜರ್ಮನಿಯಲ್ಲಿ ಪದರದ ಮೇಲೆ ಪದರ ಕೂಡಿಸಿದ ಪೊಳ್ಳು ಕ್ಯಾಪ್ಸೂಲು, 1999ರಲ್ಲಿ ಅಮೆರಿಕದಲ್ಲಿ ಕೊಬ್ಬಿನ ಪೊರೆಗಿಂತ ಗಟ್ಟಿಯಾದ ಪಾಲಿಮರ್ ಪೊರೆಯ ಚೀಲ, ಅಂದರೆ ಪಾಲಿಮರ್‌ಸೋಮ್ ಹುಟ್ಟಿದವು.

ಕಣ ಮತ್ತು ಚೀಲ ಎರಡನ್ನೂ ಜೋಡಿಸಿದ ಕೆಲಸ ನಮ್ಮಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಶೋಕ್ ರಾಯಚೂರ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮೆಚ್ಚುಗೆಯದು. ಒಂದು ಅಚ್ಚಿನ ಮೇಲೆ ಧನ ವಿದ್ಯುದಂಶದ ಪಾಲಿಮರ್, ಅದರ ಮೇಲೆ ಋಣದ್ದು, ಮತ್ತೆ ಧನದ್ದು ಎಂದು ಪದರ ಕಟ್ಟಿ, ಅಚ್ಚನ್ನು ಕರಗಿಸಿದರೆ ಪೊಳ್ಳು ಚೀಲ ಉಳಿಯುತ್ತದೆ. ಇವರು ಬಳಸಿದ್ದು ಚಿನ್ನದಂತೆಯೇ ಬೆಳಕಿಗೆ ಕಾಯುವ ಬೆಳ್ಳಿಯ ಕಣಗಳನ್ನು; ಅವನ್ನು ಹೊರಗಿನಿಂದ ತಂದು ತುಂಬಲಿಲ್ಲ, ಕ್ಯಾಪ್ಸೂಲಿನಲ್ಲೇ ಹುಟ್ಟಿಸಿದರು. ಲೇಸರ್ ಬಿದ್ದಾಗ ಕಣಗಳು ಕಾದು ಗೋಡೆ ಒಡೆಯಿತು, ಒಳಗಿನ ಸರಕು ಹೊರಬಂತು. ಔಷಧವನ್ನು ಮೈಯೆಲ್ಲ ಹರಿಸದೆ ಬೆಳಕು ಬಿದ್ದಲ್ಲೇ ಬಿಡಿಸುವ ದಾರಿ ಇದು.

ತೊಡಕು ಇರುವುದು ಬೆಳಕಿನಲ್ಲಿ. ಬೆಳ್ಳಿಯ ಮತ್ತು ದುಂಡನೆಯ ಚಿನ್ನದ ಸಣ್ಣ ಕಣಗಳು ಹೆಚ್ಚಾಗಿ ಹೀರುವುದು ಕಣ್ಣಿಗೆ ಕಾಣುವ ಬೆಳಕನ್ನು. ಅದನ್ನು ರಕ್ತದ ಹಿಮೋಗ್ಲೋಬಿನ್ ದಾರಿಯಲ್ಲೇ ನುಂಗುತ್ತದೆ. ಅದಕ್ಕೇ ಅವಗೆಂಪನ್ನು ಹೀರುವ ಚಿನ್ನದ ಕಡ್ಡಿಗಳು, ಸಿಲಿಕಾ ಗುಂಡಿನ ಮೇಲಿನ ಚಿನ್ನದ ಚಿಪ್ಪುಗಳು, ಅವಗೆಂಪಿನ ಲೇಸರ್‌ಗಳು ಬಂದವು. 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಜನರ ಮೇಲೆ ಚಿನ್ನದ ಚಿಪ್ಪುಗಳ ಪ್ರಯೋಗ ಪ್ರಕಟವಾಯಿತು. 2023ರಲ್ಲಿ ರಾಯಚೂರ್ ಮತ್ತು ಅದೇ ಸಂಸ್ಥೆಯ ಜಯ ಪ್ರಕಾಶ್ ಅವರ ತಂಡಗಳು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಬೆರೆತ, 8 ನ್ಯಾನೊಮೀಟರ್‌ಗೂ ಚಿಕ್ಕ ಕಣ ಮಾಡಿದವು. ಅದು ಕ್ಯಾನ್ಸರ್ ಕೋಶವನ್ನು ಶಾಖದಿಂದ ಕೊಲ್ಲುತ್ತದೆ. ತಾನಿರುವ ಜಾಗವನ್ನು ಶಬ್ದದ ಅಲೆಗಳಿಂದ ತೋರಿಸುತ್ತದೆ. ಪರೀಕ್ಷೆಯಾದದ್ದು ಪ್ರಯೋಗಾಲಯದ ಶ್ವಾಸಕೋಶ ಹಾಗೂ ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ.

ಮುಂದಿನ ಸರದಿ ಬಾಯಿಯ ಕ್ಯಾನ್ಸರಿನದಾಗಬೇಕು. ಗುಟ್ಕಾ, ತಂಬಾಕು ನಮ್ಮ ಕಡೆ ಮನೆಮನೆ ಹೊಕ್ಕಿವೆ. ಕೆನ್ನೆಯ ಒಳಗಿನ ಹುಣ್ಣು ಬೆಳಕಿಗೆ ಸುಲಭವಾಗಿ ಸಿಗುವಂಥದ್ದು, ಅದನ್ನು ತಲುಪಲು ದೇಹದೊಳಗೆ ಬಹಳ ಆಳಕ್ಕೆ ಇಳಿಯಬೇಕಾಗಿಲ್ಲ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರೂ ಬೆಂಗಳೂರಿನ ಈ ಪ್ರಯೋಗಾಲಯಗಳೂ ಒಂದೇ ಮೇಜಿನಲ್ಲಿ ಕೂತು ಈ ಪರೀಕ್ಷೆ ಶುರು ಮಾಡಲಿ.