ಅಂತಿಮ ತೀರ್ಪು: ಧರ್ಮಸಭೆಯ ಬೋಧನೆಯ ಚರಿತ್ರೆಯೂ ಮಲಪ್ರಭೆಯ ದಡದ ಪಾಠವೂ



ಶತಮಾನೋತ್ಸವವೆಂಬುದು ಹರ್ಷದ ಕಾಲ ಮಾತ್ರವಲ್ಲ, ಲೆಕ್ಕ ಒಪ್ಪಿಸುವ ಕಾಲವೂ ಹೌದು. ಪ್ರತಿ ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣವನ್ನು ಪಠಿಸುವಾಗ, ಜೀವಿತರಿಗೂ ಮೃತರಿಗೂ ನ್ಯಾಯತೀರಿಸಲು ಕ್ರಿಸ್ತರು ಮಹಿಮೆಯಿಂದ ಮರಳಿ ಬರುವರೆಂದು ನಾವೆಲ್ಲರೂ ಒಪ್ಪಿ ನುಡಿಯುತ್ತೇವೆ. ನಾಲಿಗೆಗೆ ರೂಢಿಯಾದ ಈ ಮಾತಿನ ಅರ್ಥವೇನೆಂದು ನಿಂತು ವಿಚಾರಿಸುವುದು ಮಾತ್ರ ಅಪರೂಪ.

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ಹರಿದಾಗ ಆ ವಿಚಾರ ತಾನಾಗಿಯೇ ನಮ್ಮೆದುರಿಗೆ ಬಂದಿತು. ನರಗುಂದದ ಉತ್ತರಕ್ಕೆ, ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯು ನದಿಯನ್ನು ದಾಟುವೆಡೆಯಲ್ಲಿರುವ ಕೊಣ್ಣೂರಿಗೆ ನೀರು ನುಗ್ಗಿತು. ಹೆದ್ದಾರಿಯ ಸಂಚಾರ ನಿಂತಿತು. ಲಖಮಾಪುರದಂತಹ ನದೀತೀರದ ಹಳ್ಳಿಗಳು ಜಲಾವೃತವಾದವು. ಹತ್ತು ವರ್ಷಗಳ ಹಿಂದೆ, 2009ರ ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಮಹಾಪೂರವನ್ನು ಕಂಡಿದ್ದ ಜನರೇ ಮತ್ತೊಮ್ಮೆ ಗಂಟುಮೂಟೆ ಕಟ್ಟಿಕೊಂಡು ಎತ್ತರದ ಸ್ಥಳಗಳನ್ನು ಸೇರಿದರು. ಆ ದಿನಗಳಲ್ಲಿ ಹಿರಿಯ ತಾಯಿಯೊಬ್ಬರು ನಮ್ಮನ್ನು ಕೇಳಿದರು: "ಫಾದರ್, ಇದು ದೇವರ ಶಿಕ್ಷೆ ಏನ್ರಿ? ಲೋಕ ಮುಗಿಯೂ ಕಾಲ ಬಂತೇನ್ರಿ?" ಅಂದು ಅವರಿಗೆ ನಾಲ್ಕು ಸಾಂತ್ವನದ ಮಾತುಗಳನ್ನಾಡಿ ಕಳುಹಿಸಿದೆವು. ಆದರೆ ಆ ಪ್ರಶ್ನೆಗೆ ಪೂರ್ಣ ಉತ್ತರವೊಂದು ಸಲ್ಲಬೇಕಾಗಿದೆ. ಈ ಲೇಖನ ಆ ಸಾಲದ ತೀರುವಳಿ.

ಪವಿತ್ರ ಗ್ರಂಥದ ಬೋಧನೆ

ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಇಸ್ರಯೇಲರು 'ಸರ್ವೇಶ್ವರನ ದಿನ'ವನ್ನು ಆತುರದಿಂದ ಎದುರುನೋಡುತ್ತಿದ್ದರು. ಅಂದು ಶತ್ರುಗಳು ನಾಶವಾಗಿ ತಮಗೆ ಜಯವಾಗುವುದೆಂದು ಅವರ ನಂಬಿಕೆ. ತೆಕೋವದ ಕುರಿಗಾಹಿ ಪ್ರವಾದಿ ಆಮೋಸರು ಈ ನಂಬಿಕೆಯನ್ನು ತಲೆಕೆಳಗು ಮಾಡಿದರು. ಆ ದಿನವು ಬೆಳಕಲ್ಲ, ಕತ್ತಲೆ ಎಂದು ಸಾರಿದರು. ಅದಕ್ಕೆ ಅವರು ಕೊಟ್ಟ ಕಾರಣ ಗಮನಾರ್ಹವಾದುದು: ಅಳೆಯುವ ಮಾಪನ್ನು ಕಿರಿದುಮಾಡಿ, ತೂಕದ ಕಲ್ಲನ್ನು ಹಿರಿದುಮಾಡಿ, ಬಡವನನ್ನು ಒಂದು ಜೊತೆ ಪಾದರಕ್ಷೆಯ ಬೆಲೆಗೆ ಮಾರುವ ಜನರಿಗೆ ದೇವರ ದಿನವು ಹೇಗೆ ತಾನೇ ಹಬ್ಬವಾದೀತು? ಹೀಗೆ ದೈವಿಕ ತೀರ್ಪಿನ ವಿಚಾರವು ಮೊದಲಿನಿಂದಲೂ ಸಂತೆಯ ತಕ್ಕಡಿಯೊಡನೆ ಹೆಣೆದುಕೊಂಡಿದೆ.

ಮುಂದೆ, ಕ್ರಿ.ಪೂ. 167ರ ಸುಮಾರಿಗೆ ಅಂತಿಯೋಕಸ್ ಎಪಿಫನೇಸ್ ಎಂಬ ಅರಸನು ಯೆಹೂದ್ಯರನ್ನು ಹಿಂಸಿಸಿದ ಕಾಲದಲ್ಲಿ, ಸತ್ತ ನೀತಿವಂತರು ಎದ್ದು ಬರುವರೆಂಬ ಭರವಸೆ ದಾನಿಯೇಲನ ಗ್ರಂಥದಲ್ಲಿ ಸ್ಪಷ್ಟವಾಗಿ ಮೂಡಿತು. ಕ್ರಿಸ್ತಶಕದ ಮೊದಲ ಶತಮಾನದ ಕೊನೆಯಲ್ಲಿ, ಚಕ್ರವರ್ತಿ ದೊಮಿಶಿಯನನ ಕಾಲದಲ್ಲಿ, ಪತ್ಮೋಸ್ ದ್ವೀಪದಿಂದ ಬಂದ ಪ್ರಕಟನಾ ಗ್ರಂಥವೂ ಇಂತಹದೇ. ಅದು ಲೋಕಾಂತ್ಯದ ತಾರೀಖನ್ನು ಬಚ್ಚಿಟ್ಟ ಒಗಟಲ್ಲ. ಏಷ್ಯಾ ಸೀಮೆಯ ಏಳು ಧರ್ಮಸಭೆಗಳ ನೊಂದ ವಿಶ್ವಾಸಿಗಳಿಗೆ ಧೈರ್ಯ ತುಂಬಲೆಂದು ಬರೆದ ಓಲೆ.

ಯೇಸುಸ್ವಾಮಿಯ ಬೋಧನೆಯಲ್ಲಿ ಎರಡು ಸಂಗತಿಗಳನ್ನು ನಾವು ಜೊತೆಯಾಗಿ ಓದಬೇಕು. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತ ಪ್ರಸ್ತಾಪವಿದೆ. ಆ ಹದಿನೆಂಟು ಮಂದಿ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಸ್ವಾಮಿಯು ಖಂಡಿತವಾಗಿ ಹೇಳಿ, ಕೇಳುತ್ತಿದ್ದವರಿಗೇ ಮನಪರಿವರ್ತನೆಯ ಕರೆ ಕೊಟ್ಟರು. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ದೃಶ್ಯವಿದೆ. ಅಲ್ಲಿ ಅರಸನು ಕೇಳುವುದು ಹಸಿವು, ಬಾಯಾರಿಕೆ, ಬಟ್ಟೆ, ರೋಗ, ಸೆರೆವಾಸ ಹಾಗೂ ಪರದೇಶಿಗೆ ಕೊಟ್ಟ ಆಸರೆಯ ಲೆಕ್ಕವನ್ನು. ಆಪತ್ತಿಗೆ ಸಿಕ್ಕವನು ತೀರ್ಪಿಗೆ ಗುರಿಯಾದವನೆಂದು ಪ್ರಭುವು ಹೇಳಲಿಲ್ಲ. ಆಪತ್ತಿಗೆ ಸಿಕ್ಕವನ ರೂಪದಲ್ಲಿ ನ್ಯಾಯಾಧಿಪತಿಯೇ ನಮ್ಮ ಬಾಗಿಲಿಗೆ ಬಂದಿರುತ್ತಾನೆಂದು ಹೇಳಿದರು.

ದಿನ ಎಣಿಸಿದವರ ಚರಿತ್ರೆ

ಆದರೂ ದಿನ ಎಣಿಸುವ ಚಪಲವು ಕ್ರೈಸ್ತರನ್ನು ಬಿಡಲಿಲ್ಲ. ಪ್ರಭುವಿನ ಆಗಮನ ಹತ್ತಿರವೆಂದು ಥೆಸಲೋನಿಕದ ಕೆಲವರು ದುಡಿಮೆಯನ್ನೇ ಬಿಟ್ಟಾಗ, ದುಡಿಯಲೊಲ್ಲದವನಿಗೆ ಊಟವೂ ಬೇಡವೆಂಬ ಕಟುವಾದ ಬುದ್ಧಿಮಾತು ಅವರಿಗೆ ಬರೆದ ಎರಡನೆಯ ಪತ್ರದಲ್ಲಿ ಬಂದಿತು. ಮೂರನೆಯ ಶತಮಾನದ ಆರಂಭದಲ್ಲಿ ಸಂತ ಹಿಪ್ಪೊಲಿಟಸರು ದಾನಿಯೇಲನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಪೊಂತಸ್ ಸೀಮೆಯ ಧರ್ಮಾಧ್ಯಕ್ಷರೊಬ್ಬರ ವೃತ್ತಾಂತವಿದೆ. ಕನಸುಗಳನ್ನು ನಂಬಿದ ಅವರು, ಒಂದು ವರ್ಷದೊಳಗೆ ತೀರ್ಪಿನ ದಿನ ಬರುವುದೆಂದು ಸಾರಿದರು. ಜನರು ಅಳುತ್ತ ಹೊಲ ಬಿಟ್ಟರು, ದನಕರು ಮಾರಿದರು. ವರ್ಷ ಕಳೆಯಿತು, ಏನೂ ಆಗಲಿಲ್ಲ. ಕೊನೆಗೆ ಆ ಜನ ಭಿಕ್ಷೆ ಬೇಡುವ ಸ್ಥಿತಿಗಿಳಿದರು. ಎತ್ತು ಮಾರಿದ ಒಕ್ಕಲಿಗನ ಮುಂದಿನ ವರ್ಷ ಹೇಗಿರುವುದೆಂದು ನಮ್ಮ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಶ. 410ರಲ್ಲಿ ಅಲಾರಿಕನ ಸೈನ್ಯವು ರೋಮ್ ನಗರವನ್ನು ಕೊಳ್ಳೆಹೊಡೆದಾಗ ಅನೇಕರಿಗೆ ಲೋಕವೇ ಮುಗಿದಂತೆ ತೋರಿತು. ಆಗ ಸಂತ ಆಗಸ್ಟೀನರು 'ದೇವರ ನಗರ'ವೆಂಬ 22 ಭಾಗಗಳ ಮಹಾಗ್ರಂಥವನ್ನು ರಚಿಸಿ, ಒಂದು ಸಾಮ್ರಾಜ್ಯದ ಪತನವು ದೇವರ ರಾಜ್ಯದ ಪತನವಲ್ಲವೆಂದು ತೋರಿಸಿಕೊಟ್ಟರು. ಪ್ರಕಟನಾ ಗ್ರಂಥದ ಸಾವಿರ ವರ್ಷಗಳನ್ನು ಪಂಚಾಂಗದ ವರ್ಷಗಳಂತೆ ಎಣಿಸದೆ, ಧರ್ಮಸಭೆಯು ಲೋಕದಲ್ಲಿ ಯಾತ್ರೆ ಮಾಡುವ ಕಾಲವೆಂದು ಅರ್ಥಮಾಡಿದರು. ಜೊವಾಕಿಮರ ಅನುಯಾಯಿಗಳು 1260ನೆಯ ಇಸವಿಯನ್ನೂ ಅಮೇರಿಕೆಯ ವಿಲಿಯಂ ಮಿಲ್ಲರನ ಅನುಯಾಯಿಗಳು 1844ನ್ನೂ ಕಾದು ನಿರಾಶರಾದರು. ಕ್ರಿಸ್ತರು ಈ ಭೂಮಿಯ ಮೇಲೆ ಲೌಕಿಕ ರಾಜ್ಯವನ್ನು ಸ್ಥಾಪಿಸುವರೆಂಬ ಸಹಸ್ರವರ್ಷವಾದವನ್ನು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ನಿರಾಕರಿಸಿದೆ.

ಧರ್ಮಸಭೆಯು ತನ್ನ ಬೋಧನೆಯನ್ನು ಎಚ್ಚರದಿಂದ ಸ್ಪಷ್ಟಪಡಿಸಿಕೊಂಡಿತೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. ನೀತಿವಂತರ ಆತ್ಮಗಳಿಗೆ ಅಂತಿಮ ತೀರ್ಪಿನ ತನಕ ದೇವದರ್ಶನವಿಲ್ಲವೆಂದು ಪೋಪ್ ಇಪ್ಪತ್ತೆರಡನೆಯ ಯೊವಾನ್ನರು 1331ರಲ್ಲಿ ಉಪದೇಶಿಸಿ, 1334ರಲ್ಲಿ ಮರಣಶಯ್ಯೆಯಲ್ಲಿ ಆ ಅಭಿಪ್ರಾಯವನ್ನು ಹಿಂತೆಗೆದುಕೊಂಡರು. ಅವರ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟರು 1336ರಲ್ಲಿ, ಪ್ರತಿಯೊಬ್ಬರಿಗೂ ಮರಣದೊಡನೆಯೇ ವೈಯಕ್ತಿಕ ತೀರ್ಪುಂಟೆಂದೂ ಶುದ್ಧರಾದವರು ಆಗಲೇ ದೇವರನ್ನು ಕಾಣುವರೆಂದೂ ನಿರ್ಧರಿಸಿ ಘೋಷಿಸಿದರು.

ನಮ್ಮ ಹಿರಿಯರ ಕಾಲದಲ್ಲಿ ಮೃತರ ಪೂಜೆಗೆ ಗುರುಗಳು ಕಪ್ಪು ವಸ್ತ್ರ ಧರಿಸುತ್ತಿದ್ದರು. ಕ್ರೋಧದ ದಿನವನ್ನು ವರ್ಣಿಸುವ 'ದಿಯೆಸ್ ಈರೆ' ಎಂಬ ಲತೀನ್ ಗೀತೆಯನ್ನು ಹಾಡಲಾಗುತ್ತಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅನಂತರದ ಸುಧಾರಣೆಯಲ್ಲಿ ಆ ಗೀತೆಯನ್ನು ಮೃತರ ಪೂಜೆಯಿಂದ ಕೈಬಿಟ್ಟು ಪುನರುತ್ಥಾನದ ಭರವಸೆಗೆ ಮೊದಲ ಸ್ಥಾನವನ್ನು ಕೊಡಲಾಯಿತು. ತೀರ್ಪು ಇಲ್ಲವೆಂದು ಇದರ ಅರ್ಥವಲ್ಲ. ನಮಗಾಗಿ ಪ್ರಾಣಕೊಟ್ಟವರೇ ನಮ್ಮ ನ್ಯಾಯಾಧಿಪತಿ ಎಂಬುದು ಇದರ ಅರ್ಥ.

ನಮ್ಮ ನೆಲದ ಸಾಕ್ಷ್ಯ

ಲೆಕ್ಕ ಒಪ್ಪಿಸಬೇಕೆಂಬ ಅರಿವು ನಮ್ಮ ನಾಡಿಗೆ ಹೊಸದಲ್ಲ. ಕೊಣ್ಣೂರಿನ ಪ್ರಾಚೀನ ನಾಮ ಕೊಳನೂರು. ರಾಷ್ಟ್ರಕೂಟ ಅಮೋಘವರ್ಷನು ಬಂಕೇಯನ ಕೋರಿಕೆಯಂತೆ ಇಲ್ಲಿಯ ಜಿನಾಲಯಕ್ಕೆ ಕ್ರಿ.ಶ. 860ರಲ್ಲಿ ದತ್ತಿಯಿತ್ತನೆಂದು ಹೇಳುವ, ಅನಂತರದ ಕಾಲದಲ್ಲಿ ಕಲ್ಲಿನ ಮೇಲೆ ಪ್ರತಿಮಾಡಿದ ಶಾಸನವೊಂದು ಈ ಊರಿನಲ್ಲಿ ದೊರೆತಿದೆ. ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ, ಇತ್ತ ಭೂಮಿಯನ್ನು ಕಾಪಾಡಿದವನಿಗೆ ಪುಣ್ಯವೂ ಅಪಹರಿಸಿದವನಿಗೆ ಘೋರ ಫಲವೂ ಉಂಟೆಂದು ಹೇಳುವುದು ಪದ್ಧತಿ. ಕ್ರೈಸ್ತ ವಿಶ್ವಾಸವು ಬೇರೆಯಾದರೂ, ಪರರ ಸ್ವತ್ತಿಗೆ ಕೈಯಿಕ್ಕಿದವನು ಮರಣದ ಆಚೆಗೂ ಉತ್ತರ ಹೇಳಬೇಕೆಂಬ ಆ ಭಯವನ್ನು ನಾವು ಗೌರವಿಸಬೇಕು.

ಈ ಸೀಮೆಯು ಕಂಡ ಆಪತ್ತುಗಳೂ ಅನೇಕ. 1791-92ರ ಬರದಲ್ಲಿ ಸತ್ತವರ ಸಂಸ್ಕಾರಕ್ಕೂ ಜನರಿಲ್ಲದೆ, ಅದು ತಲೆಬುರುಡೆಗಳ ಬರವೆಂದೇ ಹೆಸರಾಯಿತು. 1876-78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಹಿಂಡಿತು. ಮಳೆ ಬಾರದಿದ್ದುದು ನಿಜ. ಆದರೆ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸುವ ನಿಯಮವನ್ನು 1877ರಲ್ಲಿ ತಂದವರು ಮನುಷ್ಯರು. ಜನ ಸಾಯುತ್ತಿದ್ದಾಗಲೂ ಹಿಂದೂಸ್ಥಾನದ ಬಂದರುಗಳಿಂದ ಧಾನ್ಯವು ಹಡಗೇರಿ ಹೊರದೇಶಗಳಿಗೆ ಹೋಯಿತು. ಆ ಬರದಲ್ಲಿ ದೇವರ ತೀರ್ಪು ಯಾರ ಮೇಲಿತ್ತು? ಹಸಿದು ಸತ್ತವರ ಮೇಲೆಯೋ, ಕಣಜದ ಬಾಗಿಲು ಮುಚ್ಚಿದವರ ಮೇಲೆಯೋ?

ಪ್ರವಾಹದ ವಿಚಾರದಲ್ಲಿಯೂ ಹೀಗೆಯೇ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಘಟ್ಟದಲ್ಲಿ ಮಳೆ ಸುರಿದು ಜಲಾಶಯ ತುಂಬಿದಾಗ ನೀರನ್ನು ಕೆಳಕ್ಕೆ ಬಿಡಲೇಬೇಕು. ಅನೇಕ ವರ್ಷ ನೀರು ಕಡಿಮೆ ಹರಿದುದರಿಂದ ನದಿಯ ಪಾತ್ರವು ಅಲ್ಲಲ್ಲಿ ಒತ್ತುವರಿಯಾಗಿ, ಹೂಳು ಮತ್ತು ಮುಳ್ಳುಕಂಟಿಗಳಿಂದ ಕಿರಿದಾಯಿತು. ನದಿಯು ತನ್ನ ದಾರಿಯನ್ನು ಕೇಳಿದಾಗ ಆ ದಾರಿಯಲ್ಲಿ ನಮ್ಮ ಬೆಳೆಗಳಿದ್ದವು. ಇದಕ್ಕೆ ದೇವರ ಕೋಪವೆಂದು ಹೆಸರಿಟ್ಟರೆ ನಮ್ಮ ಪಾಲಿನ ತಪ್ಪೊಪ್ಪಿಗೆಯನ್ನು ತಪ್ಪಿಸಿಕೊಂಡಂತಾಗುವುದು.

2020ರ ಮಾರ್ಚ್ 27ರ ಸಂಜೆ, ಕೊರೋನಾ ವ್ಯಾಧಿಯು ಲೋಕವನ್ನು ಆವರಿಸಿದ್ದಾಗ, ಪೋಪ್ ಫ್ರಾನ್ಸಿಸರು ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಮಳೆಯ ನಡುವೆ ನಿಂತು ಪ್ರಾರ್ಥಿಸಿದರು. ಇದು ದೇವರು ನಮ್ಮ ಮೇಲೆ ತೀರ್ಪು ನೀಡುವ ಕಾಲವಲ್ಲ, ಯಾವುದು ಉಳಿಯುವಂಥದು, ಯಾವುದು ಅಳಿಯುವಂಥದೆಂದು ನಾವು ಆರಿಸಿಕೊಳ್ಳಬೇಕಾದ ಕಾಲ ಎಂಬುದು ಅವರು ಅಂದು ಕೊಟ್ಟ ಉಪದೇಶದ ಸಾರ. ಸಿಲೋವದ ಗೋಪುರದ ಬಳಿ ಪ್ರಭುವು ಕಲಿಸಿದ ಪಾಠವೇ ಅದು.

ಆದುದರಿಂದ ಆ ತಾಯಿಗೆ ನಾವು ಇಂದು ಕೊಡುವ ಉತ್ತರವಿದು: ಅಮ್ಮಾ, ನೀರು ನಿಮ್ಮ ಮನೆಗೆ ಬಂದುದು ನಿಮ್ಮ ಪಾಪಕ್ಕಾಗಿ ಅಲ್ಲ. ಲೋಕಾಂತ್ಯದ ದಿನವು ತಂದೆಯಾದ ದೇವರಿಗೆ ಮಾತ್ರ ತಿಳಿದಿದೆ. ಆದರೆ ನೀವು ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಆ ರಾತ್ರಿ ನಿಮಗೆ ಬಾಗಿಲು ತೆರೆದವರು ಯಾರು, ಜಾತಿಮತ ಕೇಳಿ ಬಾಗಿಲು ಹಾಕಿದವರು ಯಾರು ಎಂಬ ಲೆಕ್ಕ ಬರೆಯಲ್ಪಟ್ಟಿದೆ. ಆ ಲೆಕ್ಕದಲ್ಲಿ ನಿಮ್ಮ ಗುರುಗಳಾದ ನಮ್ಮ ಹೆಸರೂ ಇದೆ, ಈ ಧರ್ಮಕೇಂದ್ರದ ಹೆಸರೂ ಇದೆ.

ಪ್ರಿಯ ವಿಶ್ವಾಸಿಗಳೇ, ನೂರು ವರ್ಷಗಳ ಹರ್ಷದಲ್ಲಿ ಈ ಲೆಕ್ಕವನ್ನು ನಾವು ಮರೆಯದಿರೋಣ. ಮುಂದಿನ ಮಳೆಗಾಲಕ್ಕೆ ಮುನ್ನ, ನದೀತೀರದ ನೆರೆಹೊರೆಯವರಿಗಾಗಿ ನಮ್ಮ ಮನೆಗಳಲ್ಲಿಯೂ ಕಣಜಗಳಲ್ಲಿಯೂ ಸ್ಥಳ ಮೀಸಲಿಡೋಣ. ಕರುಣಾಮಯಿಯಾದ ನ್ಯಾಯಾಧಿಪತಿಯು ಬಂದಾಗ ನಮ್ಮನ್ನು ಎಚ್ಚರವಾಗಿಯೂ ದುಡಿಯುತ್ತಲೂ ಇರುವವರನ್ನಾಗಿ ಕಾಣಲಿ. ದೇವಮಾತೆಯ ಪ್ರಾರ್ಥನೆಯು ನಿಮ್ಮೆಲ್ಲರನ್ನೂ ಕಾಯಲಿ. ಆಮೆನ್.